ಜಾಲಪುಟದ ಚೌಕಟ್ಟುಗಳು

ದೊಡ್ಡ ಗ್ರಂಥವೊಂದನ್ನು ಅಭ್ಯಾಸ ಮಾಡುವವನು ಅದರ ಪರಿವಿಡಿಯ ಹಾಳೆಗಳ ನಡುವೆ ಎಡಗೈಯ ಬೆರಳೊಂದನ್ನು ಇಟ್ಟುಕೊಂಡು ಬಲಗೈಯಿಂದ ಪುಟಗಳನ್ನು ತಿರುವುವುದುಂಟು. ಓದುತ್ತಿರುವ ಪ್ರಕರಣ ಮುಗಿದೊಡನೆ ಬೆರಳಿಟ್ಟ ಕಡೆಗೆ ಮರಳಿ, ಮುಂದೆ ಓದಬೇಕಾದುದು ಯಾವುದೆಂಬುದನ್ನು ಆತನು ಗೊತ್ತುಮಾಡಿಕೊಳ್ಳುತ್ತಾನೆ. ಪರಿವಿಡಿಯು ಸದಾ ಕಣ್ಣೆದುರಿಗೆ ತೆರೆದಿದ್ದು, ಅದರ ಪಕ್ಕದಲ್ಲಿಯೇ ಬೇಕಾದ ಪ್ರಕರಣವೂ ಕಾಣುವಂತಿದ್ದರೆ ಎಷ್ಟು ಅನುಕೂಲವಾಗುತ್ತಿತ್ತು! ಹೊಲಿದು ಕಟ್ಟಿದ ಪುಸ್ತಕದಲ್ಲಿ ಅದು ಸಾಧ್ಯವಿಲ್ಲ. ಆದರೆ ಗಣಕಯಂತ್ರದ ಪರದೆಯ ಮೇಲೆ ಅದು ಸಾಧ್ಯವಾಯಿತು. ಪರದೆಯನ್ನು ಭಾಗಗಳಾಗಿ ವಿಂಗಡಿಸಿ, ಒಂದು ಭಾಗದಲ್ಲಿ ಪರಿವಿಡಿಯನ್ನು ನಿಲ್ಲಿಸಿ, ಇನ್ನೊಂದರಲ್ಲಿ ಪುಟಗಳನ್ನು ಬದಲಾಯಿಸುವ ಈ ಉಪಾಯಕ್ಕೆ ‘ಫ್ರೇಮ್’, ಅಂದರೆ ‘ಚೌಕಟ್ಟು’ ಎಂದು ಹೆಸರು. ಸುಮಾರು 20 ವರ್ಷಗಳ ಅವಧಿಯಲ್ಲಿ ಹುಟ್ಟಿ, ಹಬ್ಬಿ, ಮರೆಗೆ ಸರಿದ ಈ ಉಪಾಯದ ಕಥೆಯು ಬೋಧಪ್ರದವಾದುದು.

ಅಂತರಜಾಲದ ಪುಟಗಳ ಮೂಲಸ್ವರೂಪವನ್ನು ಅರಿಯದೆ ಚೌಕಟ್ಟಿನ ಗುಣದೋಷಗಳು ತಿಳಿಯುವುದಿಲ್ಲ. ಜಿನೀವಾ ನಗರದ ಸಮೀಪದಲ್ಲಿರುವ ‘ಸೆರ್ನ್’ ಎಂಬ ಭೌತವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ಕೆಲಸಮಾಡುತ್ತಿದ್ದ ಇಂಗ್ಲೆಂಡಿನ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ವಿಶ್ವವ್ಯಾಪಿ ಜಾಲದ ಕಲ್ಪನೆಯನ್ನು ಮುಂದಿಟ್ಟರು. ಬೇರೆ ಬೇರೆ ಗಣಕಯಂತ್ರಗಳಲ್ಲಿ ಚದುರಿದ್ದ ಬರಹಗಳನ್ನು ಒಂದಕ್ಕೊಂದು ಕೊಂಡಿ ಹಾಕಿ, ಯಾರು ಎಲ್ಲಿಂದ ಬೇಕಾದರೂ ಓದುವಂತೆ ಮಾಡುವುದು ಅವರ ಉದ್ದೇಶವಾಗಿತ್ತು. ಇದಕ್ಕಾಗಿ ಅವರು ಮೂರು ಆಧಾರಗಳನ್ನು ಕಲ್ಪಿಸಿದರು. ಪುಟವನ್ನು ಬರೆಯುವ ಸಂಕೇತಭಾಷೆ ಮೊದಲನೆಯದು. ಅದಕ್ಕೆ ಎಚ್‌ಟಿಎಂಎಲ್ ಎಂದು ಹೆಸರು. ಪುಟವನ್ನು ಒಂದು ಯಂತ್ರದಿಂದ ಇನ್ನೊಂದಕ್ಕೆ ಸಾಗಿಸುವ ನಿಯಮಾವಳಿ ಎರಡನೆಯದು. ಪ್ರತಿಯೊಂದು ಪುಟಕ್ಕೂ ಅದರದೇ ಆದ ವಿಳಾಸ ಮೂರನೆಯದು. ಈ ಮೂರರಲ್ಲಿ ವಿಳಾಸವೇ ಮುಖ್ಯವಾದುದೆಂದರೆ ತಪ್ಪಾಗದು. ವಿಳಾಸವನ್ನು ತಿಳಿದವನು ಪುಟವನ್ನು ತರಿಸಿಕೊಳ್ಳಬಲ್ಲನು. ಅದನ್ನು ಗುರುತು ಹಾಕಿ ಇಟ್ಟುಕೊಳ್ಳಬಲ್ಲನು. ಪತ್ರದಲ್ಲಿ ಬರೆದು ಮಿತ್ರನಿಗೆ ತಿಳಿಸಬಲ್ಲನು. ತಾನು ಬರೆದ ಪುಟದಿಂದ ಅದಕ್ಕೆ ಕೊಂಡಿಯನ್ನೂ ಹಾಕಬಲ್ಲನು. ಒಂದು ಕಿಟಕಿ, ಒಂದು ಪುಟ, ಒಂದು ವಿಳಾಸ: ಇದೇ ಜಾಲದ ಸರಳವಾದ ಕಟ್ಟುಪಾಡು.

ಪುಟಗಳು ಹೆಚ್ಚಿದಂತೆ ಈ ಸರಳತೆಯಿಂದಲೇ ಕೆಲವು ತೊಡಕುಗಳು ತಲೆದೋರಿದವು. ಪಕ್ಷಿಗಳನ್ನು ಕುರಿತು 100 ಪುಟಗಳಿರುವ ಒಂದು ಜಾಲತಾಣವನ್ನು ಊಹಿಸಿಕೊಳ್ಳಬಹುದು. ಒಂದು ಪಕ್ಷಿಯ ಪುಟದಿಂದ ಇನ್ನೊಂದಕ್ಕೆ ಹೋಗಬೇಕಾದರೆ ಎಲ್ಲ ಪಕ್ಷಿಗಳ ಹೆಸರುಗಳ ಪಟ್ಟಿಯು ಪ್ರತಿಯೊಂದು ಪುಟದಲ್ಲಿಯೂ ಇರಬೇಕು. ಹೊಸದಾಗಿ ಒಂದು ಪಕ್ಷಿಯನ್ನು ಸೇರಿಸಿದರೆ ಹಳೆಯ 100 ಪುಟಗಳಲ್ಲಿರುವ ಪಟ್ಟಿಯನ್ನೂ ಒಂದೊಂದಾಗಿ ತಿದ್ದಬೇಕು. ಒಂದರಲ್ಲಿ ಮರೆತರೂ ಓದುಗನು ದಾರಿ ತಪ್ಪುವನು. ಅಲ್ಲದೆ ಆ ಕಾಲದಲ್ಲಿ ಮನೆಗಳಿಗೆ ಜಾಲವು ದೂರವಾಣಿಯ ತಂತಿಯ ಮೂಲಕವೇ ಬರುತ್ತಿತ್ತು. ಅದರ ವೇಗ ಅತ್ಯಲ್ಪವಾದುದು. ಸೆಕೆಂಡಿಗೆ 28,800 ಬಿಟ್ಟುಗಳನ್ನು ಸಾಗಿಸುವ ಮೋಡೆಮ್ ಎಂಬ ಉಪಕರಣದ ಮೂಲಕ 36,000 ಬೈಟುಗಳ ಒಂದು ಚಿತ್ರವು ಬರಬೇಕಾದರೆ, ಬೈಟಿಗೆ 8 ಬಿಟ್ಟಿನಂತೆ, 10 ಸೆಕೆಂಡುಗಳು ಬೇಕು. ಬದಲಾಗದ ಪಟ್ಟಿಯನ್ನು ಪುಟಪುಟಕ್ಕೂ ಹೊತ್ತು ತರುವುದು ವ್ಯರ್ಥಶ್ರಮವೆಂದು ಅನೇಕರಿಗೆ ತೋರಿದುದು ಸಹಜವೇ ಆಗಿದೆ. ಇಷ್ಟಾದರೂ, ಉದ್ದವಾದ ಪುಟವನ್ನು ಓದುತ್ತ ಕೆಳಗಿಳಿದಂತೆ ಪಟ್ಟಿಯು ಮೇಲಕ್ಕೆ ಸರಿದು ಕಣ್ಮರೆಯಾಗುತ್ತಿತ್ತು.

ಈ ತೊಡಕುಗಳಿಗೆ ಪರಿಹಾರವನ್ನು ಸೂಚಿಸಿದುದು ಅಮೆರಿಕಾದ ನೆಟ್‌ಸ್ಕೇಪ್ ಸಂಸ್ಥೆ. ಪುಟವನ್ನು ತರಿಸಿ ಪರದೆಯ ಮೇಲೆ ತೋರಿಸುವ ತಂತ್ರಾಂಶಕ್ಕೆ ಬ್ರೌಸರ್ ಎನ್ನುತ್ತಾರೆ. ಅಂದಿನ ಬ್ರೌಸರುಗಳಲ್ಲಿ ಬಹು ಜನಪ್ರಿಯವಾಗಿದ್ದ ನೆಟ್‌ಸ್ಕೇಪ್ ನ್ಯಾವಿಗೇಟರ್ 1995ರಲ್ಲಿ ಪರೀಕ್ಷಾರ್ಥವಾಗಿಯೂ 1996ರಲ್ಲಿ ಪೂರ್ಣರೂಪದಲ್ಲಿಯೂ ಹೊರತಂದ ತನ್ನ ಎರಡನೆಯ ಆವೃತ್ತಿಯಲ್ಲಿ ಚೌಕಟ್ಟುಗಳನ್ನು ಅಳವಡಿಸಿತು. ಅದೇ 1996ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತನ್ನ ಮೂರನೆಯ ಆವೃತ್ತಿಯಲ್ಲಿ ಆ ಏರ್ಪಾಟನ್ನು ಸ್ವೀಕರಿಸಿತು. ಜಾಲದ ಭಾಷೆಗೆ ಆಗ ನಿಯಮಗಳನ್ನು ಗೊತ್ತುಪಡಿಸುತ್ತಿದ್ದ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 1997ರ ಡಿಸೆಂಬರಿನಲ್ಲಿ ಪ್ರಕಟಿಸಿದ ಎಚ್‌ಟಿಎಂಎಲ್ 4.0ರಲ್ಲಿ ಚೌಕಟ್ಟುಗಳಿಗೆ ಅಧಿಕೃತವಾದ ಸ್ಥಾನವೂ ದೊರೆಯಿತು.

ಚೌಕಟ್ಟಿನ ರಚನಾಕ್ರಮ ಸ್ವಾರಸ್ಯಕರವಾಗಿದೆ. ಇಂತಹ ತಾಣದಲ್ಲಿ ಮೊದಲು ಬರುವ ಕಡತದಲ್ಲಿ ಓದತಕ್ಕ ಮಾತು ಏನೂ ಇರುವುದಿಲ್ಲ. ಮನೆ ಕಟ್ಟುವ ಮೊದಲು ಕೋಣೆಗಳ ಅಳತೆಯನ್ನು ತೋರಿಸುವ ನಕ್ಷೆಯನ್ನು ಬರೆಯುವಂತೆ, ಈ ಕಡತವು ಕಿಟಕಿಯನ್ನು ಹೇಗೆ ವಿಭಾಗಿಸಬೇಕೆಂಬುದನ್ನು ಮಾತ್ರ ತಿಳಿಸುತ್ತದೆ. ಅದಕ್ಕೆ ‘ಫ್ರೇಮ್‌ಸೆಟ್’ ಎಂದು ಹೆಸರು. ಕಿಟಕಿಯ ಅಗಲದಲ್ಲಿ ನೂರಕ್ಕೆ 20 ಭಾಗ ಎಡಗಡೆಗೆ, ಉಳಿದ 80 ಭಾಗ ಬಲಗಡೆಗೆ ಎಂದು ಅದರಲ್ಲಿ ಬರೆದಿರಬಹುದು. ಅಥವಾ ಮೇಲ್ಭಾಗದಲ್ಲಿ ಒಂದು ಅಡ್ಡಪಟ್ಟಿ, ಅದರ ಕೆಳಗೆ ಉಳಿದ ಜಾಗವೆಲ್ಲ ಇನ್ನೊಂದಕ್ಕೆ ಎಂದಿರಬಹುದು. ಒಂದು ಚೌಕಟ್ಟಿನೊಳಗೆ ಮತ್ತೆ ಚೌಕಟ್ಟುಗಳನ್ನು ಕಲ್ಪಿಸುವುದಕ್ಕೂ ಅವಕಾಶವಿತ್ತು. ಎಡಭಾಗದಲ್ಲಿ ಇಂತಹ ಕಡತ, ಬಲಭಾಗದಲ್ಲಿ ಇಂತಹ ಕಡತ ಎಂಬ ಸೂಚನೆಯೂ ನಕ್ಷೆಯಲ್ಲಿಯೇ ಇರುತ್ತದೆ. ಆದುದರಿಂದ ಎರಡು ಚೌಕಟ್ಟುಗಳ ಒಂದು ಕಿಟಕಿಯನ್ನು ತುಂಬಲು ಬ್ರೌಸರು ಮೂರು ಕಡತಗಳನ್ನು ತರಿಸಬೇಕಾಗುತ್ತದೆ: ನಕ್ಷೆ ಒಂದು, ಅದರೊಳಗಿನ ಪುಟಗಳು ಎರಡು.

ಕೋಣೆಗಳಿಗೆ ಹೆಸರಿಡುವಂತೆ ಪ್ರತಿಯೊಂದು ಚೌಕಟ್ಟಿಗೂ ಒಂದು ಹೆಸರನ್ನು ಇಡುತ್ತಾರೆ. ಪಕ್ಷಿಗಳ ತಾಣದಲ್ಲಿ ಎಡಗಡೆಯದು ‘ಪಟ್ಟಿ’, ಬಲಗಡೆಯದು ‘ವಿವರ’ ಎಂದಿರಲಿ. ಪಟ್ಟಿಯಲ್ಲಿರುವ ಪ್ರತಿಯೊಂದು ಕೊಂಡಿಯೂ ತಾನು ತರುವ ಪುಟವು ‘ವಿವರ’ದಲ್ಲಿ ತೆರೆಯಬೇಕೆಂದು ಸೂಚಿಸುತ್ತದೆ. ಈ ಸೂಚನೆಗೆ ‘ಟಾರ್ಗೆಟ್’, ಅಂದರೆ ‘ಗುರಿ’ ಎಂದು ಹೆಸರು. ಓದುಗನು ಎಡಗಡೆಯಲ್ಲಿ ‘ಮಿಂಚುಳ್ಳಿ’ ಎಂಬ ಮಾತನ್ನು ಒತ್ತಿದರೆ ಎಡಗಡೆಯ ಪಟ್ಟಿಯು ಸ್ವಲ್ಪವೂ ಅಲುಗದು. ಬಲಗಡೆಯಲ್ಲಿ ಮಿಂಚುಳ್ಳಿಯ ಚಿತ್ರವೂ ವರ್ಣನೆಯೂ ಮೂಡುತ್ತವೆ. ಗುರಿಯನ್ನು ಸೂಚಿಸಲು ಮರೆತರೆ ಹೊಸ ಪುಟವು ಕೊಂಡಿಯಿರುವ ಕಿರಿದಾದ ಚೌಕಟ್ಟಿನಲ್ಲಿಯೇ ಇರುಕಿಕೊಂಡು ತೆರೆಯುತ್ತಿತ್ತು. ಎಲ್ಲ ಚೌಕಟ್ಟುಗಳನ್ನೂ ಕಳಚಿ ಇಡೀ ಕಿಟಕಿಯಲ್ಲಿ ಪುಟವನ್ನು ತೆರೆಯಬೇಕಾದಾಗ ‘ಟಾಪ್’ ಎಂಬ ವಿಶೇಷವಾದ ಗುರಿಯನ್ನು ಬಳಸುತ್ತಿದ್ದರು.

ಈ ವಿಧಾನದಿಂದ ಆದ ಲಾಭಗಳು ಅಲ್ಪವಾದುವಲ್ಲ. ಹೊಸ ಪಕ್ಷಿಯೊಂದನ್ನು ಸೇರಿಸಿದಾಗ ತಿದ್ದಬೇಕಾದುದು 100 ಕಡತಗಳನ್ನಲ್ಲ, ಒಂದೇ ಒಂದು ಪಟ್ಟಿಯನ್ನು. ಪಟ್ಟಿಯು ಒಮ್ಮೆ ಬಂದರೆ ಸಾಕು. ಅನಂತರ ಪುಟವು ಮಾತ್ರ ಬದಲಾಗುತ್ತಿದ್ದುದರಿಂದ ಕಾಲವೂ ಉಳಿಯಿತು. ನೂರಾರು ಪ್ರಕರಣಗಳಿರುವ ಕೈಪಿಡಿಗಳಿಗೆ ಇದು ವರದಾನವೇ ಆಯಿತು. ಇದಕ್ಕೆ ಜಾವಾ ಎಂಬ ಗಣಕಭಾಷೆಯ ಕೈಪಿಡಿಯನ್ನು ಉದಾಹರಿಸಬಹುದು. ಅದರಲ್ಲಿ ಮೂರು ಚೌಕಟ್ಟುಗಳಿದ್ದವು. ಎಡಗಡೆಯ ಮೇಲ್ಭಾಗದಲ್ಲಿ ವಿಭಾಗಗಳ ಹೆಸರು, ಅದರ ಕೆಳಗೆ ಆಯ್ದ ವಿಭಾಗಕ್ಕೆ ಸೇರಿದ ಅಂಶಗಳ ಹೆಸರು, ಬಲಗಡೆಯ ವಿಶಾಲವಾದ ಜಾಗದಲ್ಲಿ ವಿವರಣೆ. ಸಾವಿರಾರು ಅಂಶಗಳ ನಡುವೆ ಓದುಗನು ಎಲ್ಲಿದ್ದಾನೆಂಬುದು ಒಂದೇ ನೋಟಕ್ಕೆ ತಿಳಿಯುತ್ತಿತ್ತು. ಅಪಾರವಾದ ವಿಷಯವನ್ನು ಒಂದೇ ಆಸನದಲ್ಲಿ ಕುಳಿತು ಹುಡುಕುವವನಿಗೆ ಚೌಕಟ್ಟು ನಿಜವಾದ ನೆರವನ್ನೇ ನೀಡಿತು.

ಆದರೆ ಚೌಕಟ್ಟುಗಳು ಕೈಪಿಡಿಗಳಿಗೆ ಮಾತ್ರ ಮೀಸಲಾಗಿ ನಿಲ್ಲಲಿಲ್ಲ. ಬೇಕಾದೆಡೆಯಲ್ಲಿಯೂ ಬೇಡವಾದೆಡೆಯಲ್ಲಿಯೂ ಅವುಗಳನ್ನು ಬಳಸತೊಡಗಿದರು. ಅಂದಿನ ಅನೇಕ ಪರದೆಗಳ ಅಗಲವು 640 ಬಿಂದುಗಳು, ಎತ್ತರವು 480 ಬಿಂದುಗಳು ಮಾತ್ರ. ಅದರಲ್ಲಿ 150 ಬಿಂದುಗಳಷ್ಟು ಅಗಲವನ್ನು ಪಟ್ಟಿಗೆ ಕೊಟ್ಟರೆ ಹೆಚ್ಚುಕಡಿಮೆ ಕಾಲುಭಾಗವು ಹೋದಂತೆಯೇ. ಮೇಲೆ ತಾಣದ ಹೆಸರಿಗೊಂದು ಚೌಕಟ್ಟು, ಕೆಳಗೆ ಜಾಹೀರಾತಿಗೊಂದು ಚೌಕಟ್ಟು ಎಂದು ಹಂಚಿದ ಮೇಲೆ ಓದಬೇಕಾದ ಬರಹಕ್ಕೆ ಉಳಿದುದು ಅಂಗೈಯಗಲದ ಜಾಗ. ಗೋಡೆಗಳೇ ಹೆಚ್ಚಾಗಿ ವಾಸಕ್ಕೆ ಎಡೆಯಿಲ್ಲದ ಮನೆಯಂತೆ ಅದು ತೋರುತ್ತಿತ್ತು.

ಇಕ್ಕಟ್ಟನ್ನಾದರೂ ಸಹಿಸಬಹುದಾಗಿತ್ತು. ಅದಕ್ಕಿಂತ ಆಳವಾದ ದೋಷವೊಂದು ಚೌಕಟ್ಟಿನ ಹುಟ್ಟಿನಲ್ಲಿಯೇ ಇತ್ತು. ಓದುಗನು ಮಿಂಚುಳ್ಳಿಯ ಪುಟವನ್ನು ತೆರೆದರೂ, ಕೊಕ್ಕರೆಯ ಪುಟವನ್ನು ತೆರೆದರೂ, ಬ್ರೌಸರಿನ ಮೇಲ್ಭಾಗದಲ್ಲಿ ಕಾಣುತ್ತಿದ್ದ ವಿಳಾಸ ಒಂದೇ. ಅದು ನಕ್ಷೆಯ ವಿಳಾಸ. ಒಳಗಿನ ಪುಟಗಳು ಎಷ್ಟು ಸಲ ಬದಲಾದರೂ ಹೊರಗಿನ ವಿಳಾಸ ಬದಲಾಗುತ್ತಿರಲಿಲ್ಲ. ಮಿಂಚುಳ್ಳಿಯ ವರ್ಣನೆಯನ್ನು ಮೆಚ್ಚಿದ ವಿದ್ಯಾರ್ಥಿಯು ಆ ವಿಳಾಸವನ್ನು ಬರೆದು ಗೆಳೆಯನಿಗೆ ಕಳುಹಿಸಿದನೆನ್ನಿ. ಗೆಳೆಯನು ತೆರೆದಾಗ ಆತನಿಗೆ ದೊರೆಯುತ್ತಿದ್ದುದು ಮಿಂಚುಳ್ಳಿಯಲ್ಲ, ತಾಣದ ಸ್ವಾಗತದ ಪುಟ. ಊರಿನ ಹೆಸರನ್ನು ಮಾತ್ರ ಬರೆದು, ಬೀದಿಯನ್ನೂ ಮನೆಯ ಸಂಖ್ಯೆಯನ್ನೂ ಬಿಟ್ಟ ಕಾಗದದಂತೆ ಅದು ಊರಬಾಗಿಲಲ್ಲಿಯೇ ನಿಲ್ಲುತ್ತಿತ್ತು. ಮರುದಿನ ಓದಲೆಂದು ಹಾಕಿಟ್ಟ ಗುರುತು ಕೂಡ ಓದುಗನನ್ನು ಅದೇ ಬಾಗಿಲಿಗೆ ತಂದು ಬಿಡುತ್ತಿತ್ತು. ಹೀಗೆ ಒಂದು ಪುಟಕ್ಕೆ ಒಂದು ವಿಳಾಸ ಎಂಬ ಕಟ್ಟುಪಾಡೇ ಮುರಿದುಬಿದ್ದಿತು.

ಇದರ ಬೆನ್ನಲ್ಲಿಯೇ ಇತರ ತೊಂದರೆಗಳು ಕಾಣಿಸಿಕೊಂಡವು. ಹಿಂದಿನ ಪುಟಕ್ಕೆ ಮರಳಿಸುವ ಗುಂಡಿಯು ಬ್ರೌಸರಿನಲ್ಲಿ ಓದುಗನ ಮುಖ್ಯವಾದ ಆಸರೆ. ನೆಟ್‌ಸ್ಕೇಪಿನ ಎರಡನೆಯ ಆವೃತ್ತಿಯಲ್ಲಿ ಅದನ್ನು ಒತ್ತಿದರೆ ಓದುಗನು ಹಿಂದಿನ ಪಕ್ಷಿಗೆ ಹೋಗುವ ಬದಲು ತಾಣದಿಂದಲೇ ಹೊರಬೀಳುತ್ತಿದ್ದನು. ಈ ದೋಷವನ್ನು ಮುಂದಿನ ಆವೃತ್ತಿಯಲ್ಲಿ ಸರಿಪಡಿಸಬೇಕಾಯಿತು. ಮುದ್ರಿಸಬೇಕೆಂದಾಗ ಯಾವ ಚೌಕಟ್ಟು ಮುದ್ರಣವಾಗುವುದೆಂಬುದೂ ಸಂದೇಹವೇ. ವರ್ಣನೆಯನ್ನು ಬಯಸಿದವನ ಕೈಗೆ ಬರಿಯ ಪಟ್ಟಿಯು ಬರುವುದಿತ್ತು. ಶೋಧಕ ಯಂತ್ರಗಳು ಚೌಕಟ್ಟಿನೊಳಗಿನ ಪುಟಗಳನ್ನು ಬೇರೆಬೇರೆಯಾಗಿಯೇ ದಾಖಲಿಸಿಕೊಳ್ಳುತ್ತಿದ್ದವು. ಅವುಗಳ ಮೂಲಕ ಬಂದವನ ಮುಂದೆ ಮಿಂಚುಳ್ಳಿಯ ಪುಟವು ಒಂಟಿಯಾಗಿ ನಿಲ್ಲುತ್ತಿತ್ತು. ಅದರ ಪಕ್ಕದಲ್ಲಿ ಪಟ್ಟಿಯಿಲ್ಲ, ತಾಣದ ಹೆಸರಿಲ್ಲ, ಬರೆದವರು ಯಾರೆಂಬುದಿಲ್ಲ, ಮುಂದಕ್ಕೆ ಹೋಗಲು ದಾರಿಯೂ ಇಲ್ಲ. ಪುಸ್ತಕದಿಂದ ಹರಿದು ಗಾಳಿಗೆ ಬಿಟ್ಟ ಹಾಳೆಯ ಪಾಡು ಅದರದು.

ದೃಷ್ಟಿಹೀನರ ಕಷ್ಟವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಕಣ್ಣಿದ್ದವನು ಎಡಬಲಗಳನ್ನು ಒಂದೇ ನೋಟಕ್ಕೆ ಗ್ರಹಿಸುತ್ತಾನೆ. ಪುಟವನ್ನು ಧ್ವನಿಯಾಗಿ ಓದಿ ಹೇಳುವ ತಂತ್ರಾಂಶವನ್ನು ಅವಲಂಬಿಸಿದವನಿಗೆ ಎಡಬಲಗಳೆಂಬುದೇ ಇಲ್ಲ. ಆತನು ಒಂದೊಂದು ಚೌಕಟ್ಟನ್ನು ಪ್ರತ್ಯೇಕವಾಗಿ ಪ್ರವೇಶಿಸಿ ಕೇಳಬೇಕು. ‘ಚೌಕಟ್ಟು 1’, ‘ಚೌಕಟ್ಟು 2’ ಎಂದಷ್ಟೇ ಹೆಸರಿದ್ದರೆ ಒಳಗೆ ಏನಿದೆಯೆಂದು ಆತನು ತಿಳಿಯುವುದು ಹೇಗೆ? ಚೌಕಟ್ಟನ್ನು ಅರಿಯದ ಬ್ರೌಸರುಗಳಿಗಾಗಿ ‘ನೋಫ್ರೇಮ್ಸ್’ ಎಂಬ ಪರ್ಯಾಯ ಭಾಗವನ್ನು ಬರೆಯಲು ಅವಕಾಶವಿತ್ತು. ಆದರೆ ಅಲ್ಲಿ ಉಪಯುಕ್ತವಾದ ಬರಹವನ್ನು ಕೊಡುವುದಕ್ಕೆ ಬದಲಾಗಿ, ಹೊಸ ಬ್ರೌಸರನ್ನು ತಂದುಕೊಳ್ಳಬೇಕೆಂಬ ಒಂದು ಸಾಲನ್ನು ಬರೆದು ಕೈತೊಳೆದುಕೊಂಡವರೂ ಇದ್ದರು. ಬಾಗಿಲಿಗೆ ಬಂದ ಅತಿಥಿಗೆ ಬೇರೆ ಉಡುಪು ಧರಿಸಿ ಬಾರೆಂದು ಹೇಳಿ ಕಳುಹಿಸಿದಂತೆ ಅದು. ಅಂಗವಿಕಲರಿಗೂ ಜಾಲವು ದೊರೆಯಬೇಕೆಂಬ ಉದ್ದೇಶದಿಂದ 1999ರ ಮೇ ತಿಂಗಳಲ್ಲಿ ಕನ್ಸಾರ್ಷಿಯಂ ಪ್ರಕಟಿಸಿದ ಮಾರ್ಗಸೂಚಿಯಲ್ಲಿ, ಪ್ರತಿಯೊಂದು ಚೌಕಟ್ಟಿಗೂ ಅರ್ಥವುಳ್ಳ ಶೀರ್ಷಿಕೆಯನ್ನು ಕೊಡಬೇಕೆಂದು ವಿಧಿಸಲಾಯಿತು.

ಚೌಕಟ್ಟಿನ ವಿಷಯವು ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಒಬ್ಬನ ಚೌಕಟ್ಟಿನೊಳಗೆ ಇನ್ನೊಬ್ಬನ ಪುಟವನ್ನು ತೋರಿಸುವುದಕ್ಕೆ ಆಗ ಯಾವ ಅಡ್ಡಿಯೂ ಇರಲಿಲ್ಲ. ಅಮೆರಿಕಾದ ಟೋಟಲ್‌ನ್ಯೂಸ್ ಎಂಬ ತಾಣವು ಬೇರೆ ಬೇರೆ ಪತ್ರಿಕೆಗಳ ಪುಟಗಳನ್ನು ತನ್ನ ಚೌಕಟ್ಟಿನೊಳಗೆ ತೆರೆದು, ಸುತ್ತಲೂ ತನ್ನ ಹೆಸರನ್ನೂ ಜಾಹೀರಾತುಗಳನ್ನೂ ತೋರಿಸುತ್ತಿತ್ತು. ವರದಿಗಾರರನ್ನು ಕಳುಹಿಸಿ ಸುದ್ದಿಯನ್ನು ಸಂಗ್ರಹಿಸಿದವರು ಒಬ್ಬರು. ವಿಳಾಸವೂ ಜಾಹೀರಾತೂ ಇನ್ನೊಬ್ಬರವು. 1997ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಪೋಸ್ಟ್, ರಾಯ್ಟರ್ಸ್, ಸಿಎನ್‌ಎನ್ ಮೊದಲಾದ ಸಂಸ್ಥೆಗಳು ಅದರ ಮೇಲೆ ದಾವೆಯನ್ನು ಹೂಡಿದವು. ತೀರ್ಪು ಬರುವ ಮುನ್ನವೇ ಅದೇ ವರ್ಷದ ಜೂನ್ ತಿಂಗಳಲ್ಲಿ ಉಭಯಪಕ್ಷಗಳವರೂ ರಾಜಿಯಾದರು. ಟೋಟಲ್‌ನ್ಯೂಸ್ ಆ ಪುಟಗಳನ್ನು ಚೌಕಟ್ಟಿನೊಳಗೆ ಇಡುವುದನ್ನು ನಿಲ್ಲಿಸಲು ಒಪ್ಪಿತು. ಸಾಮಾನ್ಯವಾದ ಕೊಂಡಿಯನ್ನು ಹಾಕಲು ಅದಕ್ಕೆ ಅಡ್ಡಿಯಾಗಲಿಲ್ಲ. ಇನ್ನೊಬ್ಬರ ಮನೆಗೆ ದಾರಿ ತೋರಿಸುವುದು ಬೇರೆ. ಆ ಮನೆಯ ಬಾಗಿಲಿಗೆ ತನ್ನ ಹೆಸರಿನ ಹಲಗೆಯನ್ನು ತೂಗುಹಾಕುವುದು ಬೇರೆ ಎಂಬ ವಿವೇಕವು ಈ ಪ್ರಸಂಗದಿಂದ ಸ್ಪಷ್ಟವಾಯಿತು.

ಬಲ್ಲವರು ಈ ದೋಷಗಳನ್ನು ಬೇಗನೆ ಗುರುತಿಸಿದರು. ಬಳಕೆಯ ಸೌಲಭ್ಯವನ್ನು ಕುರಿತು ಅಧ್ಯಯನ ಮಾಡಿದ ಡೆನ್ಮಾರ್ಕಿನ ಯಾಕೊಬ್ ನೀಲ್ಸನ್ ಅವರು 1996ರ ಡಿಸೆಂಬರಿನಲ್ಲಿಯೇ, ಪುಟವೆಂಬ ಏಕಮಾನವನ್ನು ಚೌಕಟ್ಟು ಒಡೆಯುತ್ತದೆಂದು ವಿವರಿಸಿ, ಸಾಮಾನ್ಯವಾಗಿ ಅದನ್ನು ಬಳಸದಿರುವುದೇ ಲೇಸೆಂದು ಎಚ್ಚರಿಸಿದರು. ಆದರೆ ಚೌಕಟ್ಟನ್ನು ತೆಗೆದುಹಾಕಿದರೆ ಅದು ನೀಗಿಸಿದ್ದ ಕೊರತೆಗೆ ಪರಿಹಾರವೇನು? ಆ ಪರಿಹಾರವು ಎರಡು ದಿಕ್ಕುಗಳಿಂದ ಬಂದಿತು. ಪಟ್ಟಿಯನ್ನು ಒಂದೇ ಕಡೆಯಲ್ಲಿ ಬರೆದಿಟ್ಟು, ಪುಟವನ್ನು ಕಳುಹಿಸುವ ಯಂತ್ರವೇ ಅದನ್ನು ಪ್ರತಿಯೊಂದು ಪುಟಕ್ಕೂ ಜೋಡಿಸಿ ಕೊಡುವ ವಿಧಾನವು ಬಳಕೆಗೆ ಬಂದಿತು. ಹೀಗೆ ಬರೆದವನ ಶ್ರಮವೂ ಉಳಿಯಿತು, ಪುಟದ ವಿಳಾಸವೂ ಉಳಿಯಿತು. ಇನ್ನೊಂದು ಕಡೆಯಲ್ಲಿ, ಬರಹವನ್ನೂ ಅದರ ರೂಪವನ್ನೂ ಬೇರ್ಪಡಿಸುವ ಸಿಎಸ್‌ಎಸ್ ಎಂಬ ವಿನ್ಯಾಸಭಾಷೆಯು 1996ರಲ್ಲಿ ಪ್ರಕಟವಾಯಿತು. 1998ರಲ್ಲಿ ಬಂದ ಅದರ ಎರಡನೆಯ ಹಂತದಲ್ಲಿ, ಪುಟವು ಸರಿದರೂ ಅದರ ಒಂದು ಭಾಗವು ಸ್ಥಿರವಾಗಿ ನಿಲ್ಲುವಂತೆ ವಿಧಿಸುವ ಏರ್ಪಾಟಿತ್ತು. ಆದರೆ ನಿಯಮವು ಪ್ರಕಟವಾದ ಮಾತ್ರಕ್ಕೆ ಬಳಕೆಗೆ ಬಂದಂತಾಗುವುದಿಲ್ಲ. ಬಹುಜನರು ಬಳಸುತ್ತಿದ್ದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಈ ಏರ್ಪಾಟನ್ನು ಮಾನ್ಯಮಾಡಿದುದು 2006ರ ಏಳನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಚೌಕಟ್ಟುಗಳು ಅಲ್ಲಲ್ಲಿ ಉಳಿದುಕೊಂಡವು. ಕೊನೆಗೆ 2014ರ ಅಕ್ಟೋಬರಿನಲ್ಲಿ ಅಂಗೀಕೃತವಾದ ಎಚ್‌ಟಿಎಂಎಲ್ 5ರಲ್ಲಿ ಫ್ರೇಮ್‌ಸೆಟ್ಟನ್ನು ಬಳಸಕೂಡದ ಅಂಶವೆಂದು ಸಾರಲಾಯಿತು. ಜಾವಾದ ಕೈಪಿಡಿಯೂ 2019ರ ತನ್ನ 13ನೆಯ ಆವೃತ್ತಿಯ ಹೊತ್ತಿಗೆ ಚೌಕಟ್ಟುಗಳಿಗೆ ವಿದಾಯ ಹೇಳಿತು.

ಆದರೂ ಚೌಕಟ್ಟಿನ ವಂಶವು ಅಳಿಯಲಿಲ್ಲ. ಪುಟದ ನಡುವೆ ಸಣ್ಣ ಕಿಟಕಿಯೊಂದನ್ನು ತೆರೆದು ಬೇರೊಂದು ಪುಟವನ್ನು ತೋರಿಸುವ ‘ಐಫ್ರೇಮ್’ ಎಂಬ ರಚನೆಯು ಇಂದಿಗೂ ಬಳಕೆಯಲ್ಲಿದೆ. ಊರಿನ ಭೂಪಟವೋ, ಚಲಚ್ಚಿತ್ರದ ತುಣುಕೋ ಪುಟದೊಳಗೆ ಕಾಣಿಸಿಕೊಳ್ಳುವಾಗ ಅದರ ಹಿಂದೆ ಅನೇಕ ಸಲ ಇರುವುದು ಐಫ್ರೇಮ್. ಇಲ್ಲಿ ಮುಖ್ಯ ಪುಟಕ್ಕೆ ತನ್ನ ವಿಳಾಸವು ಉಳಿದಿರುತ್ತದೆ. ಚೌಕಟ್ಟು ಅದರ ಒಂದು ಅಂಗ ಮಾತ್ರ. ಆದರೆ ಕಿಟಕಿಯಿದ್ದಲ್ಲಿ ಕಳ್ಳನ ಭಯವೂ ಉಂಟು. ಕಣ್ಣಿಗೆ ಕಾಣದಂತೆ ಪಾರದರ್ಶಕಗೊಳಿಸಿದ ಚೌಕಟ್ಟನ್ನು ಬೇರೊಂದು ಗುಂಡಿಯ ಮೇಲೆ ಹರಡಿ, ಓದುಗನು ಒಂದನ್ನು ಒತ್ತಿದೆನೆಂದು ತಿಳಿದು ಮತ್ತೊಂದನ್ನು ಒತ್ತುವಂತೆ ಮಾಡುವ ವಂಚನೆಗೆ 2008ರಲ್ಲಿ ಭದ್ರತಾತಜ್ಞರು ‘ಕ್ಲಿಕ್‌ಜ್ಯಾಕಿಂಗ್’ ಎಂದು ಹೆಸರಿಟ್ಟರು. ಮರುವರ್ಷದಿಂದ ಬ್ರೌಸರುಗಳಲ್ಲಿ ಇದಕ್ಕೆ ರಕ್ಷಣೆಯು ದೊರೆಯತೊಡಗಿತು. ತನ್ನನ್ನು ಪರರ ಚೌಕಟ್ಟಿನೊಳಗೆ ತೋರಿಸಕೂಡದೆಂದು ಪುಟವೇ ಬ್ರೌಸರಿಗೆ ತಿಳಿಸುವ ವ್ಯವಸ್ಥೆ ಅದು.

ಚೌಕಟ್ಟನ್ನು ಕಲ್ಪಿಸಿದವರು ಓದುಗನಿಗೆ ಕೇಡನ್ನು ಬಯಸಿದವರಲ್ಲ. ಪರಿವಿಡಿಯಲ್ಲಿ ಬೆರಳಿಟ್ಟುಕೊಂಡು ಓದುವವನ ಶ್ರಮವನ್ನು ತಪ್ಪಿಸಬೇಕೆಂಬ ಅವರ ಬಯಕೆ ಯೋಗ್ಯವಾದುದೇ ಆಗಿತ್ತು. ಆ ಬಯಕೆಯು ಇಂದಿನ ಜಾಲಪುಟಗಳಲ್ಲಿ ನೆರವೇರಿದೆ. ಪಕ್ಕದಲ್ಲಿ ಅಲುಗದೆ ನಿಲ್ಲುವ ಪಟ್ಟಿಗಳೇ ಅದಕ್ಕೆ ಸಾಕ್ಷಿ. ತಪ್ಪಿದುದು ಬಯಕೆಯಲ್ಲ, ಅದಕ್ಕಾಗಿ ತೆತ್ತ ಬೆಲೆಯ ಲೆಕ್ಕ. ಪಟ್ಟಿಯನ್ನು ನಿಲ್ಲಿಸುವ ಭರದಲ್ಲಿ ಪುಟದ ವಿಳಾಸವನ್ನು ಕಳೆದುಕೊಂಡದ್ದರಿಂದ, ಒಬ್ಬನು ಕಂಡುದನ್ನು ಇನ್ನೊಬ್ಬನಿಗೆ ತೋರಿಸುವ ಶಕ್ತಿಯೇ ಕುಗ್ಗಿತು. ಬರಹಗಳು ಒಬ್ಬರಿಂದೊಬ್ಬರಿಗೆ ತಲುಪಲೆಂದೇ ಹುಟ್ಟಿದ ಜಾಲದಲ್ಲಿ ಇದು ಸಣ್ಣ ನಷ್ಟವಲ್ಲ. ಯಾವುದೇ ಹೊಸ ಅನುಕೂಲವನ್ನು ಕಲ್ಪಿಸುವವರು, ಅದರಿಂದ ದೊರೆಯುವುದನ್ನು ನೋಡುವಷ್ಟೇ ಎಚ್ಚರದಿಂದ ಅದು ಕಿತ್ತುಕೊಳ್ಳುವುದನ್ನೂ ನೋಡಬೇಕು. ಮಿಂಚುಳ್ಳಿಯನ್ನು ಕಂಡವನು ಗೆಳೆಯನನ್ನು ಕರೆದು, ಅದೇ ಮಿಂಚುಳ್ಳಿಯನ್ನು ಆತನಿಗೂ ತೋರಿಸುವಂತಿರಬೇಕು. ಒಳ್ಳೆಯ ಜಾಲಪುಟದ ಲಕ್ಷಣ ಅದೇ.